ತಾಮ್ರದ ಕಲ್ಲನ್ನು ಮೊದಲು ಮುಟ್ಟಿದವರು

ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿ ಒಂದು ಬಂಡೆ ಇದೆ. ತೂಕ ಸುಮಾರು 4.5 ಟನ್ನು. ಮೈಯೆಲ್ಲ ನೀಲಿ, ಮೈಯೆಲ್ಲ ಹಸಿರು. ನೀಲಿ ಅಂದರೆ ಮಳೆ ಬಿಟ್ಟ ಮೇಲಿನ ಸಂಜೆ ಆಕಾಶದ ಗಾಢ ನೀಲಿ. ಹಸಿರು ಅಂದರೆ ನಾಟಿ ಮಾಡಿ ತಿಂಗಳಾದ ಗದ್ದೆಯ ಹಸಿರು. 1893ರಲ್ಲಿ ಚಿಕಾಗೋದ ದೊಡ್ಡ ವಸ್ತುಪ್ರದರ್ಶನದಲ್ಲಿ ಇದನ್ನು ಇಟ್ಟಿದ್ದರು. ಗಾಳಿಯ ತೇವ ಏರಿಳಿದ ಹಾಗೆಲ್ಲ ಈ ಕಲ್ಲು ಸಣ್ಣಗೆ ಕೀಚಲು ದನಿ ಮಾಡುತ್ತದೆ. ಅದಕ್ಕೇ ಇದಕ್ಕೆ 'ಹಾಡುವ ಕಲ್ಲು' ಅಂತ ಹೆಸರು. 2021ರಲ್ಲಿ ಮ್ಯೂಸಿಯಮ್ಮಿನವರು ತಮ್ಮ ಖನಿಜಗಳ ಅಂಗಳವನ್ನೆಲ್ಲ ಹೊಸದಾಗಿ ಕಟ್ಟಿ ಜನಕ್ಕೆ ತೆರೆದರು. ಆ ಅಂಗಳದಲ್ಲಿ ಈ ಬಂಡೆಯೂ ಒಂದು ದೊಡ್ಡ ಆಕರ್ಷಣೆ.

ಕಲ್ಲು ಬಂದದ್ದು ಅರಿಜೋನಾ ರಾಜ್ಯದ ಬಿಸ್ಬೀ ಎಂಬ ಊರಿನ ಕಾಪರ್ ಕ್ವೀನ್ ಗಣಿಯಿಂದ. ಗಣಿಯ ಹೆಸರು ಎಲ್ಲರಿಗೂ ಗೊತ್ತು. ಕಂಪನಿಯ ಹೆಸರು ಗೊತ್ತು. ನೀಲಿಗೆ ಅಜುರೈಟ್, ಹಸಿರಿಗೆ ಮ್ಯಾಲಕೈಟ್ ಅನ್ನುತ್ತಾರೆ, ಅದೂ ಗೊತ್ತು. ನಾಲ್ಕೂವರೆ ಟನ್ನಿನ ಕಲ್ಲು ಒಡೆದು ಹೋಗದ ಹಾಗೆ ಸುತ್ತ ಬಿಡಿಸಿ, ಕತ್ತಲೊಳಗಿಂದ ಮೇಲಕ್ಕೆ ತಂದವರು ಯಾರು? ಕಲ್ಲು ಹಾಡುತ್ತದಲ್ಲ, ಅದನ್ನೇ ಕೇಳಬೇಕು.

ಗೆಳೆಯರೇ, ಈ ಲೇಖನ ತಾಮ್ರದ ಅದಿರಿನ ಕಲ್ಲುಗಳ ಬಗ್ಗೆ. ಅವನ್ನು ಕೂಡಿಸಿಟ್ಟು, ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿ, ಒರೆಸಿ, ನೋಡಿ ಖುಷಿಪಡುವವರ ಬಗ್ಗೆ. ಹೋರಾಟದ ಪತ್ರಿಕೆಯಲ್ಲಿ ಕಲ್ಲಿನ ಷೋಕಿ ಯಾಕಪ್ಪ ಅಂತ ಕೆಲವರು ಕೇಳಬಹುದು. ನಮ್ಮದು ಕಲ್ಲೊಡ್ಡರ ಮನೆ. ನಮ್ಮಪ್ಪ ಇಡೀ ಆಯುಷ್ಯ ಸೈಜುಗಲ್ಲು ಸೀಳಿದವನು, ನಮ್ಮವ್ವ ಜಲ್ಲಿ ಒಡೆದವಳು. ಕಲ್ಲಿನ ಬಗ್ಗೆ ಮಾತಾಡಲು ಯಾರ ಅಪ್ಪಣೆಯೂ ನನಗೆ ಬೇಕಿಲ್ಲ.

ಮೊದಲು ಕಲ್ಲಿನ ವಿಚಾರವನ್ನೇ ನೋಡೋಣ. ಭೂಮಿಯ ಆಳದಲ್ಲಿ ತಾಮ್ರ ಬಹುಪಾಲು ಗಂಧಕದ ಜೊತೆ ಕೂಡಿಕೊಂಡಿರುತ್ತದೆ. ಅದರಲ್ಲಿ ಮುಖ್ಯವಾದದ್ದು ಚಾಲ್ಕೊಪೈರೈಟ್. ತಾಮ್ರ, ಕಬ್ಬಿಣ, ಗಂಧಕ ಮೂರೂ ಕೂಡಿದ್ದು. ಹಿತ್ತಾಳೆಯ ಹಳದಿ ಬಣ್ಣ. ಶುದ್ಧ ಚಾಲ್ಕೊಪೈರೈಟಿನಲ್ಲಿ ನೂರಕ್ಕೆ 34 ಪಾಲಿನ ಮೇಲೆ ತಾಮ್ರ. ಬಿಸಿಲು, ಮಳೆ, ಗಾಳಿಗೆ ಹತ್ತಿರ ಇರುವ ಮೇಲಿನ ಪದರದಲ್ಲಿ ಇದು ಹಾಗೇ ಉಳಿಯುವುದಿಲ್ಲ. ನೀರು ಇಳಿಯುತ್ತದೆ, ಗಂಧಕ ಕರಗಿ ಹೋಗುತ್ತದೆ, ತಾಮ್ರ ಬೇರೆ ಸಂಗಾತಿಯನ್ನು ಹುಡುಕುತ್ತದೆ. ಸುತ್ತ ಸುಣ್ಣಕಲ್ಲು ಇದ್ದರಂತೂ ಮುಗಿಯಿತು, ಬಣ್ಣದ ಜಾತ್ರೆಯೇ ಕಟ್ಟುತ್ತದೆ. ಹಸಿರು ಮ್ಯಾಲಕೈಟ್, ನೀಲಿ ಅಜುರೈಟ್, ರಕ್ತದ ಬಣ್ಣದ ಕ್ಯೂಪ್ರೈಟ್. ಕ್ಯೂಪ್ರೈಟಿನಲ್ಲಿ ನೂರಕ್ಕೆ 88 ಪಾಲು ತಾಮ್ರ. ಕೆಲವು ಕಡೆ ಯಾರ ಜೊತೆಗೂ ಸೇರದ ಅಪ್ಪಟ ತಾಮ್ರವೇ ಬೇರಿನ ಹಾಗೆ, ಜಾಲಿಗಿಡದ ಕೊಂಬೆಯ ಹಾಗೆ ಕವಲೊಡೆದು ಸಿಗುತ್ತದೆ.

ನಮ್ಮ ಮನೆಗಳಲ್ಲಿ ಹೆಂಗಸರು ತಾಮ್ರದ ಬಿಂದಿಗೆಗೆ ಕಿಲುಬು ಹಿಡಿಯಿತು ಅಂತ ಹುಣಸೆಹಣ್ಣು ಹಾಕಿ ಉಜ್ಜುತ್ತಾರಲ್ಲ, ಆ ಹಸಿರು ಕಿಲುಬಿಗೂ ಮ್ಯಾಲಕೈಟಿಗೂ ಹತ್ತಿರದ ನಂಟು. ನೆಲ ಸಾವಿರಾರು ವರ್ಷ ಕೂತು ಕಟ್ಟಿದ ಕಿಲುಬು ಅದು. ಹಾಗಾಗಿ ಕಲ್ಲು ಕೂಡಿಸುವವರಿಗೆ ಒಂದು ಮಾತು: ಮ್ಯಾಲಕೈಟನ್ನೋ ಅಜುರೈಟನ್ನೋ ಹುಣಸೆ ನೀರಲ್ಲಿ, ನಿಂಬೆರಸದಲ್ಲಿ ತೊಳೆಯಬೇಡಿ. ಬಿಂದಿಗೆ ಹೊಳೆಯುತ್ತದೆ, ಕಲ್ಲು ಕರಗುತ್ತದೆ. ಬರೀ ನೀರು, ಮೆತ್ತಗಿನ ಬ್ರಷ್ಷು ಸಾಕು. ಅಜುರೈಟನ್ನು ಬಿಸಿಲಲ್ಲಿ ಇಡಬಾರದು, ಬಣ್ಣ ಕಪ್ಪಿಡುತ್ತದೆ.

ಅಜುರೈಟಿಗೆ ಇನ್ನೊಂದು ಗುಣ ಇದೆ. ಕಾಲ ಕಳೆದಂತೆ ಅದು ನಿಧಾನಕ್ಕೆ ಮ್ಯಾಲಕೈಟ್ ಆಗುತ್ತದೆ. ಒಳಗೆ ಹೊರಗೆ ಎಲ್ಲ ಬದಲಾಗಿ ಹಸಿರಾದರೂ ಹರಳಿನ ಮೂಲೆ, ಅಂಚು, ಆಕಾರ ಮಾತ್ರ ಹಳೆಯ ಅಜುರೈಟಿನದ್ದೇ. ಕೂಡಿಸುವವರು ಇಂಥ ಕಲ್ಲಿಗೆ ಬಹಳ ಬೆಲೆ ಕೊಡುತ್ತಾರೆ. ನನಗೆ ಇದನ್ನು ಓದಿದಾಗ ನಗು ಬಂತು. ನಾವು ಎಷ್ಟೇ ಓದಿ ಒಳಗೆಲ್ಲ ಬದಲಾದರೂ ಊರಿನವರ ಕಣ್ಣಿಗೆ ಕಾಣುವುದು ಹಳೆಯ ಆಕಾರವೇ ತಾನೆ.

ಈ ಬಣ್ಣದ ಕಲ್ಲೆಲ್ಲ ಇರುವುದು ಗಣಿಯ ಮೇಲಿನ ಭಾಗದಲ್ಲಿ. ಗಣಿ ತೋಡುವಾಗ ಮೊದಲು ಕೈಗೆ ಸಿಗುವುದೂ ಅವೇ, ಮೊದಲು ಕುಲುಮೆಗೆ ಹೋಗುವುದೂ ಅವೇ. ಯಾಕೆ ಅಂದರೆ ಅವುಗಳಲ್ಲಿ ತಾಮ್ರ ಹೆಚ್ಚು, ಕರಗಿಸುವುದು ಸುಲಭ. ಈಗಿನ ದೊಡ್ಡ ಬಯಲು ಗಣಿಗಳಲ್ಲಿ ನೂರಕ್ಕೆ ಒಂದು ಪಾಲೂ ತಾಮ್ರ ಇಲ್ಲದ ಬಂಡೆಯನ್ನು ಅರೆದು ತಾಮ್ರ ತೆಗೆಯುತ್ತಾರೆ. ಆ ಕಾಲದಲ್ಲಿ ಇಂಥ ಹರಳುಗಳನ್ನೇ ಟನ್ನುಗಟ್ಟಲೆ ಬೆಂಕಿಗೆ ಸುರಿದರು. ಮ್ಯೂಸಿಯಮ್ಮಿನಲ್ಲಿ ಇವತ್ತು ಕಾಣುವ ಒಂದೊಂದು ತಾಮ್ರದ ಕಲ್ಲೂ ಕುಲುಮೆಯ ಬಾಯಿಂದ ತಪ್ಪಿಸಿಕೊಂಡು ಬಂದದ್ದು. ತಪ್ಪಿಸಿದವರು ಯಾರು ಅನ್ನುವುದೇ ಇತಿಹಾಸ.

ಕಲ್ಲು ಕೂಡಿಸುವ ಚಟ ಯೂರೋಪಿನ ಸಿರಿವಂತರಲ್ಲಿ ಹದಿನೆಂಟನೇ ಶತಮಾನದಲ್ಲಿ ಜೋರಾಯಿತು. ಇಂಗ್ಲೆಂಡಿನ ನೈರುತ್ಯ ತುದಿಯಲ್ಲಿ ಕಾರ್ನ್‌ವಾಲ್ ಎಂಬ ಸೀಮೆ. ತವರ, ತಾಮ್ರ ಎರಡಕ್ಕೂ ಹೆಸರಾದದ್ದು. ಅಲ್ಲಿ ಫಿಲಿಪ್ ರಾಷ್ಲೀ (1729–1811) ಅಂತ ಒಬ್ಬ ಜಮೀನ್ದಾರ, ಪಾರ್ಲಿಮೆಂಟಿನ ಸದಸ್ಯ ಬೇರೆ. ಗಣಿಗಳಿಂದ ಬಂದ ಒಳ್ಳೊಳ್ಳೆ ಕಲ್ಲುಗಳನ್ನು ಕೊಂಡು ಕೂಡಿಸಿದ. ಅವುಗಳ ಬಣ್ಣದ ಚಿತ್ರ ಬರೆಸಿ 1797ರಲ್ಲಿ ಒಂದು, 1802ರಲ್ಲಿ ಒಂದು ಪುಸ್ತಕ ತಂದ. ಅವನ ಸಂಗ್ರಹದ ಬಹುಪಾಲು ಟ್ರೂರೋ ಊರಿನ ಮ್ಯೂಸಿಯಮ್ಮಿಗೆ ಸೇರಿತು. ಒಳ್ಳೆಯ ಕೆಲಸವೇ, ಇಲ್ಲ ಅನ್ನುವುದಿಲ್ಲ. ಅವನು ಕೊಳ್ಳದೆ ಹೋಗಿದ್ದರೆ ಎಷ್ಟೋ ಕಲ್ಲು ಬೆಂಕಿ ಪಾಲಾಗುತ್ತಿದ್ದವು.

ಅದೇ ಗಣಿಗಳ ಬಾಯಲ್ಲಿ ಹೆಂಗಸರು, ಹುಡುಗಿಯರು ಸಾಲಾಗಿ ಕೂತು, ನಿಂತು ಅದಿರು ಒಡೆಯುತ್ತಿದ್ದರು. ಅವರಿಗೆ 'ಬಾಲ್ ಮೇಡನ್' ಅಂತ ಹೆಸರು. ಬಾಲ್ ಅಂದರೆ ಆ ಸೀಮೆಯ ಹಳೆ ಭಾಷೆಯಲ್ಲಿ ಗಣಿ. ದೊಡ್ಡ ಸುತ್ತಿಗೆಯಲ್ಲಿ ಬಂಡೆ ಒಡೆಯುವುದು ಒಂದು ಕೆಲಸ. ಸಣ್ಣ ಸುತ್ತಿಗೆಯಲ್ಲಿ ತಾಮ್ರ ಇಲ್ಲದ ಕಲ್ಲನ್ನು ಕುಟ್ಟಿ ಬೇರೆ ಮಾಡುವುದು ಇನ್ನೊಂದು. ಅಗಲ ಬಾಯಿಯ ಸುತ್ತಿಗೆಯಲ್ಲಿ ಪುಡಿ ಮಾಡುವುದು ಮತ್ತೊಂದು. ಒಂದೊಂದು ಕೆಲಸಕ್ಕೂ ಅವರಲ್ಲಿ ಒಂದೊಂದು ಹೆಸರು. ನಮ್ಮವ್ವನೂ ಹೀಗೆಯೇ. ದಪ್ಪ ಜಲ್ಲಿಗೆ ಕೂರುವ ರೀತಿ ಬೇರೆ, ಸಣ್ಣ ಜಲ್ಲಿಗೆ ಕೂರುವ ರೀತಿ ಬೇರೆ ಅಂತಾಳೆ. ಸುಮಾರು ಐದು ಸಾವಿರ ಮೈಲಿ ದೂರದ ಬಿಳಿ ಹೆಂಗಸರೂ ಹಾಗೇ ಕೂತಿದ್ದರು ಅಂತ ಹೇಳಿದೆ. 'ಅವರ ಕಣ್ಣಿಗೂ ಚೂರು ಸಿಡೀತಿತ್ತಾ?' ಅಂತ ಕೇಳಿದಳು. ಸಿಡಿಯದೆ ಇರುತ್ತಾ.

ಈ ಹೆಂಗಸರ ಕೈಯಲ್ಲಿ ಎಷ್ಟು ಹರಳು ಹಾದು ಹೋಗಿರಬೇಕು! ರಾಷ್ಲೀಯ ಮೇಜಿನ ಮೇಲೆ ಬರುವುದಕ್ಕೆ ಮೊದಲು ಕಲ್ಲು ಒಬ್ಬ ಗಣಿ ಕೆಲಸದವನ ಕಣ್ಣಿಗೆ ಬಿದ್ದಿರಬೇಕು. ದೀಪದ ಮಿಣುಕು ಬೆಳಕಲ್ಲಿ 'ಇದು ಬೇರೆ ಥರ ಇದೆ' ಅಂತ ಅವನಿಗೆ ಅನ್ನಿಸಿರಬೇಕು. ಸುತ್ತಿಗೆಯನ್ನು ಪಕ್ಕಕ್ಕಿಟ್ಟು ಕೈಯಲ್ಲಿ ಬಿಡಿಸಿರಬೇಕು. ಅದನ್ನು ಚೆಲುವು ಅಂತ ಗುರುತಿಸಿದ ಮೊದಲ ಮನುಷ್ಯ ಅವನೇ. ಆದರೆ ಕಲಾರಸಿಕ ಅನ್ನುವ ಪಟ್ಟ ಕೊಂಡುಕೊಂಡವನಿಗೆ.

ಈ ಚಟದಲ್ಲಿ ಚೀಟಿಗೆ ಬಹಳ ಮಹತ್ವ. ಕಲ್ಲಿನ ಕೆಳಗೆ ಇಡುವ ಸಣ್ಣ ಕಾಗದದ ಚೀಟಿ. ಖನಿಜದ ಹೆಸರು, ಗಣಿಯ ಹೆಸರು, ಊರು, ದೇಶ, ಸಾಧ್ಯವಾದರೆ ಎಷ್ಟನೇ ಲೆವೆಲ್ಲಿನಲ್ಲಿ ಸಿಕ್ಕಿತು ಅನ್ನುವುದು, ಅದನ್ನು ಇಟ್ಟುಕೊಂಡಿದ್ದವರ ಹೆಸರು. ಕಲ್ಲು ಕೈ ಬದಲಾಯಿಸಿದರೂ ಹಳೆಯ ಚೀಟಿಯನ್ನು ಎಸೆಯಬಾರದು. ಒಂದರ ಮೇಲೊಂದು ಚೀಟಿ ಸೇರಿ ವಂಶಾವಳಿ ಆಗುತ್ತದೆ. ಇಂಥ ಸಾಹೇಬರ ಸಂಗ್ರಹದಿಂದ ಇಂಥ ಪ್ರೊಫೆಸರರ ಸಂಗ್ರಹಕ್ಕೆ, ಅಲ್ಲಿಂದ ಇಂಥ ಮ್ಯೂಸಿಯಮ್ಮಿಗೆ. ಚೀಟಿ ಕಳೆದರೆ ಕಲ್ಲಿನ ಬೆಲೆ ಬಿದ್ದು ಹೋಗುತ್ತದೆ, ವಿಜ್ಞಾನಕ್ಕೂ ಅದು ಅನಾಥ. ನೂರು, ಇನ್ನೂರು ವರ್ಷದ ಈ ವಂಶಾವಳಿಯಲ್ಲಿ ತೆಗೆದವನ ಹೆಸರಿಗೆ ಮಾತ್ರ ಸಾಲಿಲ್ಲ.

ನಮ್ಮ ನಾಡಿನ ತಾಮ್ರಶಾಸನಗಳೂ ನೆನಪಾಗುತ್ತವೆ. ಭೂಮಿ ದಾನ ಕೊಟ್ಟ ರಾಜನ ಹೆಸರು, ಅವನ ಮೂರು ತಲೆಮಾರಿನ ಹೆಸರು, ಭೂಮಿ ಪಡೆದ ಬ್ರಾಹ್ಮಣನ ಹೆಸರು, ಗೋತ್ರ, ಎಲ್ಲ ಇರುತ್ತೆ. ಗಂಗರ ಶಾಸನಗಳಲ್ಲಿ ಅಕ್ಷರ ಕೊರೆದ ವಿಶ್ವಕರ್ಮಾಚಾರ್ಯನ ಹೆಸರೂ ಸಿಗುತ್ತೆ. ಆ ತಗಡಿನ ತಾಮ್ರವನ್ನು ನೆಲದಿಂದ ತೆಗೆದವನದು? ಆ ಭೂಮಿಯನ್ನು ಉತ್ತವನದು ಎಲ್ಲಿ ಹೋಯಿತೋ ಇದೂ ಅಲ್ಲಿಗೇ ಹೋಯಿತು.

ಈಗ ಬಿಸ್ಬೀಗೆ ಬರೋಣ. ಮೆಕ್ಸಿಕೋ ಗಡಿಯ ಹತ್ತಿರದ ಗುಡ್ಡಗಾಡು. 1877ರಲ್ಲಿ ಅಪಾಚೆ ಜನರ ಬೆನ್ನು ಹತ್ತಿ ಹೋದ ಸೈನ್ಯದ ಕಡೆಯವನೊಬ್ಬನಿಗೆ ಅಲ್ಲಿ ಅದಿರು ಕಂಡಿತು. ಅಂದರೆ ಆ ನೆಲದ ಮೂಲದವರನ್ನು ಓಡಿಸುವ ಕೆಲಸದಲ್ಲೇ ಆ ಗಣಿ ಹುಟ್ಟಿದ್ದು. ಜಾರ್ಜ್ ವಾರೆನ್ ಅನ್ನುವವನು ಹಕ್ಕು ಪತ್ರ ಮಾಡಿಸಿದ. ಆಮೇಲೆ ಕುದುರೆಯ ಜೊತೆ ಓಡಿ ಗೆಲ್ಲುತ್ತೇನೆ ಅಂತ ಪಂಥ ಕಟ್ಟಿ ಸೋತು ತನ್ನ ಪಾಲನ್ನು ಕಳೆದುಕೊಂಡ. ಊರಿಗೆ ಹೆಸರು ಬಂದದ್ದು ದುಡ್ಡು ಹಾಕಿದ ಡೆವಿಟ್ ಬಿಸ್ಬೀ ಅನ್ನುವ ಜಡ್ಜಿನಿಂದ. ಆ ಮಹಾಶಯ ಆ ಊರಿಗೆ ಕಾಲೇ ಇಡಲಿಲ್ಲ. ನ್ಯೂಯಾರ್ಕಿನ ಫೆಲ್ಪ್ಸ್ ಡಾಡ್ಜ್ ಕಂಪನಿಯವರು 1881ರಲ್ಲಿ ಜೇಮ್ಸ್ ಡಗ್ಲಸ್ ಅನ್ನುವವನ ಮಾತು ಕೇಳಿ ಪಕ್ಕದ ಜಾಗ ಕೊಂಡರು. 1885ರಲ್ಲಿ ಎರಡೂ ಒಂದಾಗಿ ದೊಡ್ಡ ಕಂಪನಿಯಾಯಿತು.

ಬಿಸ್ಬೀಯ ನೆಲ ಸುಣ್ಣಕಲ್ಲಿನದು. ಒಳಗೆ ಗುಹೆಗಳು. ಗೋಡೆಗೆಲ್ಲ ಬಣ್ಣದ ಹರಳು, ಸೂರಿನಿಂದ ಇಳಿಬಿದ್ದ ಸುಣ್ಣದ ತೊಂಗಲುಗಳು ತಾಮ್ರ ಕುಡಿದು ಹಸಿರಾಗಿದ್ದವು. ಮಕಮಲ್ಲಿನ ಹಾಗೆ ಬೆಳಕು ಹೊರಳುವ ಮ್ಯಾಲಕೈಟ್. ಕೂದಲಿಗಿಂತ ತೆಳ್ಳಗೆ ಕೆಂಪು ಎಳೆಗಳಾಗಿ ಬೆಳೆದ ಕ್ಯೂಪ್ರೈಟ್. ಇವತ್ತು ಪ್ರಪಂಚದ ಎಲ್ಲ ದೊಡ್ಡ ಮ್ಯೂಸಿಯಮ್ಮುಗಳಲ್ಲಿ ಬಿಸ್ಬೀ ಕಲ್ಲಿದೆ. ಹೇಗೆ ಬಂತು? ಕೆಲವನ್ನು ಕಂಪನಿಯೇ ದೊಡ್ಡವರಿಗೆ ಉಡುಗೊರೆ ಕೊಟ್ಟಿತು. ಇನ್ನುಳಿದವು ಹೊರಬಂದದ್ದು ಕೆಲಸದವರ ಊಟದ ಡಬ್ಬಿಯಲ್ಲಿ! ಬರುವಾಗ ರೊಟ್ಟಿ, ಹೋಗುವಾಗ ಹರಳು. ಕಾನೂನಿನ ಪ್ರಕಾರ ಅದು ಕಳ್ಳತನ. ಮೇಸ್ತ್ರಿಗಳು ಎಷ್ಟೋ ಸಲ ಕಂಡೂ ಕಾಣದಂತಿದ್ದರು. ಕಂಪನಿ ಕೊಟ್ಟರೆ ದಾನ, ಕೆಲಸದವನು ಒಯ್ದರೆ ಕಳವು. ಆದರೆ ಡಬ್ಬಿಗೆ ಬೀಳದೆ ಉಳಿದ ಹರಳುಗಳೆಲ್ಲ ಕರಗಿ ತಂತಿಯಾದವು.

ಅಷ್ಟಕ್ಕೂ ಆ ಡಬ್ಬಿ ಹಿಡಿದು ಒಳಗಿಳಿಯುವ ಭಾಗ್ಯವೂ ಎಲ್ಲರಿಗೆ ಇರಲಿಲ್ಲ. ಬಿಸ್ಬೀಯನ್ನು 'ಬಿಳಿಯರ ಕ್ಯಾಂಪು' ಅನ್ನುತ್ತಿದ್ದರು. ಮೆಕ್ಸಿಕೋದವರಿಗೆ ನೆಲದೊಳಗಿನ ಒಳ್ಳೆಯ ಕೂಲಿಯ ಕೆಲಸ ಇಲ್ಲ. ಮೇಲ್ಗಡೆ ಹೊರುವ, ಎತ್ತುವ, ಸುರಿಯುವ ಕೆಲಸ ಮಾತ್ರ, ಕೂಲಿ ಬಿಳಿಯರದ್ದಕ್ಕಿಂತ ಎಷ್ಟೋ ಕಮ್ಮಿ. ಚೀನೀಯರಿಗಂತೂ ಊರಲ್ಲಿ ರಾತ್ರಿ ಉಳಿಯುವ ಹಾಗೇ ಇರಲಿಲ್ಲ. ತರಕಾರಿ ಮಾರಲು ಹಗಲು ಬರಬೇಕು, ಕತ್ತಲಾಗುವ ಮುಂಚೆ ಊರು ಬಿಡಬೇಕು. ಓದುವ ಗೆಳೆಯರೇ, ಈ ನಿಯಮ ನಿಮಗೆ ಯಾರಾದರೂ ವಿವರಿಸಬೇಕೆ? ಸಮುದ್ರ ದಾಟಿದರೆ ಜಾತಿ ಹೋಗುತ್ತದೆ ಅಂತ ನಮ್ಮ ಶಾಸ್ತ್ರದವರು ಹೇಳುತ್ತಿದ್ದರು. ಸಮುದ್ರದ ಆಚೆಯೂ ಅದರ ಅಣ್ಣತಮ್ಮಂದಿರಿದ್ದರು.

1917. ಮೊದಲ ಮಹಾಯುದ್ಧಕ್ಕೆ ಅಮೆರಿಕ ಇಳಿದಿದೆ, ತಾಮ್ರದ ಬೆಲೆ ಏರಿದೆ. ಲಾಭ ಏರಿದಷ್ಟು ಕೂಲಿ ಏರಿಲ್ಲ. ಐ.ಡಬ್ಲ್ಯು.ಡಬ್ಲ್ಯು. ಅನ್ನುವ ಕಾರ್ಮಿಕ ಸಂಘ, ಬಣ್ಣ ಭಾಷೆ ನೋಡದೆ ಎಲ್ಲರನ್ನೂ ಸೇರಿಸಿಕೊಳ್ಳುತ್ತಿದ್ದ ಸಂಘ, ಜೂನ್ ಕೊನೆಯಲ್ಲಿ ಮುಷ್ಕರಕ್ಕೆ ಕರೆ ಕೊಟ್ಟಿತು. ಬೇಡಿಕೆಗಳನ್ನು ನೋಡಿ: ಡ್ರಿಲ್ ಯಂತ್ರಕ್ಕೆ ಇಬ್ಬರು ಆಳು ಇರಬೇಕು. ಜನ ಒಳಗಿರುವಾಗ ಮದ್ದು ಸಿಡಿಸಬಾರದು. ಕೆಲಸಕ್ಕೆ ಸೇರುವಾಗ ಬಟ್ಟೆ ಬಿಚ್ಚಿಸಿ ಮೈ ಪರೀಕ್ಷೆ ಮಾಡುವುದು ನಿಲ್ಲಬೇಕು. ನೆಲದೊಳಗೆ ದಿನಕ್ಕೆ 6 ಡಾಲರ್, ಮೇಲ್ಗಡೆ 5.50 ಡಾಲರ್ ಕೂಲಿ ಬೇಕು. ಈ ಕೊನೆಯದನ್ನು ಮತ್ತೆ ಓದಿ. ಮೇಲ್ಗಡೆ ಕೆಲಸ ಮಾಡುತ್ತಿದ್ದವರಲ್ಲಿ ಮೆಕ್ಸಿಕೋದವರೇ ಹೆಚ್ಚು. ಅವರಿಗೆ ಸಿಗುತ್ತಿದ್ದದ್ದು ದಿನಕ್ಕೆ ಎರಡೂವರೆ ಡಾಲರಿನ ಆಸುಪಾಸು. ಅಂದರೆ ಬಣ್ಣದ ಮೇಲೆ ಕಟ್ಟಿದ ಏಣಿಯನ್ನೇ ಒಂದೇ ಏಟಿಗೆ ಕಿತ್ತುಹಾಕುವ ಬೇಡಿಕೆ ಅದು.

ಜುಲೈ 12ರ ಬೆಳಗಿನ ಜಾವ. ಷೆರೀಫ್ ಹ್ಯಾರಿ ವೀಲರ್ ಸುಮಾರು 2,000 ಜನಕ್ಕೆ ತೋಳಿಗೆ ಬಿಳಿ ಪಟ್ಟಿ ಕಟ್ಟಿಸಿ ಬಂದೂಕು ಸಮೇತ ಬೀದಿಗೆ ಇಳಿಸಿದ. ಮನೆ ಮನೆಗೆ ನುಗ್ಗಿ ಗಂಡಸರನ್ನು ಎಳೆದರು. ಮುಷ್ಕರ ಮಾಡಿದವರು, ಮಾಡಿದವರಿಗೆ ಸಾಲ ಕೊಟ್ಟ ಅಂಗಡಿಯವರು, ಸುಮ್ಮನೆ ದಾರಿಯಲ್ಲಿ ನಿಂತಿದ್ದವರು, ಎಲ್ಲರನ್ನೂ. ವಾರೆನ್ ಅನ್ನುವ ಬಡಾವಣೆಯ ಬೇಸ್‌ಬಾಲ್ ಮೈದಾನಕ್ಕೆ ದನದ ಹಾಗೆ ಅಟ್ಟಿದರು. ಕೆಲಸಕ್ಕೆ ವಾಪಸು ಬರುತ್ತೀರಾ ಅಂತ ಕೇಳಿದರು. ಇಲ್ಲ ಅಂದ 1,186 ಜನರನ್ನು ರೈಲಿನ ಸಗಣಿ ತುಂಬಿದ ಗೂಡ್ಸ್ ಡಬ್ಬಗಳಿಗೆ ತುಂಬಿದರು. ಜುಲೈ ತಿಂಗಳ ಮರುಭೂಮಿಯ ಬಿಸಿಲು. ನೀರಿಗೆ ಗತಿಯಿಲ್ಲ. ರಾಜ್ಯದ ಗಡಿ ದಾಟಿಸಿ ನ್ಯೂ ಮೆಕ್ಸಿಕೋದ ಹರ್ಮಾನಸ್ ಅನ್ನುವ ಬಟಾಬಯಲಲ್ಲಿ ಬಿಟ್ಟು ಬಂದರು. ಮತ್ತೆ ಬಿಸ್ಬೀಗೆ ಬಂದರೆ ಕೊಲ್ಲುತ್ತೇವೆ ಅಂದರು. ಆ ದಿನ ಇಬ್ಬರು ಸತ್ತರು, ಒಬ್ಬ ಕೆಲಸದವನು, ಒಬ್ಬ ಷೆರೀಫನ ಕಡೆಯವನು. ಸುದ್ದಿ ಹೊರಗೆ ಹೋಗದ ಹಾಗೆ ಟೆಲಿಗ್ರಾಫ್ ಆಫೀಸನ್ನು ಕಂಪನಿಯವರು ಹಿಡಿದುಕೊಂಡಿದ್ದರು. ಗಡಿಪಾರಾದವರಲ್ಲಿ ಬೇರೆ ಬೇರೆ ದೇಶದವರಿದ್ದರು, ಎಲ್ಲಕ್ಕಿಂತ ಹೆಚ್ಚು ಮೆಕ್ಸಿಕೋದವರು.

ಆಮೇಲೆ? ಅಧ್ಯಕ್ಷ ವಿಲ್ಸನ್ ನೇಮಿಸಿದ ಆಯೋಗ ಇದು ಕಾನೂನಿಗೆ ವಿರುದ್ಧ ಅಂತ ಹೇಳಿತು. 1920ರಲ್ಲಿ ಸುಪ್ರೀಂ ಕೋರ್ಟು, ಇದನ್ನು ಶಿಕ್ಷಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿಲ್ಲ, ಅದು ರಾಜ್ಯದ ವಿಷಯ ಅಂತ ಕೈ ತೊಳೆದುಕೊಂಡಿತು. ಒಬ್ಬನಿಗೂ ಶಿಕ್ಷೆ ಆಗಲಿಲ್ಲ. ಆಗ ಫೆಲ್ಪ್ಸ್ ಡಾಡ್ಜಿನ ಅಧ್ಯಕ್ಷ ಯಾರು ಗೊತ್ತೆ? ಜೇಮ್ಸ್ ಡಗ್ಲಸನ ಮಗ ವಾಲ್ಟರ್ ಡಗ್ಲಸ್. ಬಿಸ್ಬೀಯಲ್ಲಿ ನೆಲದೊಳಗಿನ ಗಣಿಗಳು 1975ರಲ್ಲಿ ಮುಚ್ಚಿದವು. ಕಂಪನಿಯ ಹಳೆಯ ಕಚೇರಿ ಈಗ ಮ್ಯೂಸಿಯಂ. ಪ್ರವಾಸಿಗರನ್ನು ಹಳದಿ ಕೋಟು ತೊಡಿಸಿ ಗಣಿಯೊಳಗೆ ಕರೆದೊಯ್ಯುತ್ತಾರೆ.

ಇನ್ನೊಂದು ಊರಿದೆ, ಕಲ್ಲಿನವರ ಕಾಶಿ ಅನ್ನಬೇಕು. ಆಫ್ರಿಕಾದ ನಮೀಬಿಯಾ ದೇಶದ ಸುಮೆಬ್. ಒಂದೇ ಗಣಿಯಲ್ಲಿ 300ಕ್ಕೂ ಹೆಚ್ಚು ಬಗೆಯ ಖನಿಜ! ತಾಮ್ರ, ಸೀಸ, ಸತು ಒಟ್ಟಿಗೇ. ಅಲ್ಲಿನ ಅಜುರೈಟ್ ಹರಳು ಕತ್ತಿಯ ಅಲಗಿನ ಹಾಗೆ, ಡಯೋಪ್ಟೇಸ್ ಪಚ್ಚೆಯ ಹಾಗೆ. ಪ್ರಪಂಚದಲ್ಲಿ ಮೊದಲು ಅಲ್ಲೇ ಸಿಕ್ಕ ಖನಿಜಗಳೇ ಹತ್ತಾರು.

ಬಿಳಿಯರು ಬರುವ ಮುಂಚೆ ಅಲ್ಲೊಂದು ಹಸಿರು ಗುಡ್ಡ ಇತ್ತು. ಹಸಿರು ಹುಲ್ಲಿನದಲ್ಲ, ಮ್ಯಾಲಕೈಟಿನದು. ಆ ಸೀಮೆಯ ಸಾನ್ ಜನ ಅದಿರು ತೆಗೆದು ಉತ್ತರದ ಒವಾಂಬೊ ಜನಕ್ಕೆ ಕೊಡುತ್ತಿದ್ದರು. ಒವಾಂಬೊ ಕಮ್ಮಾರರು ಕರಗಿಸಿ ಬಳೆ, ಕಡಗ ಮಾಡುತ್ತಿದ್ದರು. 1893ರಲ್ಲಿ ಬ್ರಿಟಿಷ್ ಕಂಪನಿಯ ಮ್ಯಾಥ್ಯೂ ರಾಜರ್ಸ್ ಬಂದು ನೋಡಿ ಬೆರಗಾದ. ಪುಸ್ತಕಗಳಲ್ಲಿ ಗಣಿಯ ಚರಿತ್ರೆ ಹೆಚ್ಚಾಗಿ ಅಲ್ಲಿಂದಲೇ ಶುರುವಾಗುತ್ತೆ. ಅದಿರು ತೆಗೆದು, ಕರಗಿಸಿ, ಕಾಲಿಗೆ ತೊಟ್ಟವರದ್ದೆಲ್ಲ ಪೀಠಿಕೆ, ಟೋಪಿಯವನು ಬಂದು ನೋಡಿದ್ದು ಮೊದಲ ಅಧ್ಯಾಯ!

1900ರಲ್ಲಿ ಜರ್ಮನ್ ಆಳ್ವಿಕೆಯಲ್ಲಿ ಗಣಿ ಕಂಪನಿ ಹುಟ್ಟಿತು. ಅದಿರು ಸಾಗಿಸಲು ಸಮುದ್ರದಿಂದ ಸುಮೆಬಿನವರೆಗೆ 500 ಕಿಲೋಮೀಟರಿಗೂ ಉದ್ದದ ರೈಲುದಾರಿ ಬೇಕು. ಅದು ಮುಗಿದದ್ದು 1906ರಲ್ಲಿ. ಈ ಎರಡು ವರ್ಷಗಳ ನಡುವೆ ಏನಾಯಿತು ಅನ್ನುವುದನ್ನು ಯಾವ ಚೀಟಿಯೂ ಹೇಳುವುದಿಲ್ಲ. 1904ರಲ್ಲಿ ಭೂಮಿ ದನ ಎರಡನ್ನೂ ಕಳೆದುಕೊಳ್ಳುತ್ತಿದ್ದ ಹೆರೆರೊ ಜನ ದಂಗೆ ಎದ್ದರು. ಜನರಲ್ ಫಾನ್ ಟ್ರೋಥಾ ಅಕ್ಟೋಬರ್ 2ರಂದು ಹೆರೆರೊಗಳನ್ನು ನಿರ್ನಾಮ ಮಾಡುವ ಆಜ್ಞೆ ಹೊರಡಿಸಿದ. ನೀರಿಲ್ಲದ ಮರುಭೂಮಿಗೆ ಅಟ್ಟಿ ಬಾವಿಗಳಿಗೆ ಕಾವಲು ಹಾಕಿದರು. ಆ ಜನರಲ್ಲಿ ಬಹುಪಾಲು ಸತ್ತರು. ನೀರು ಕೊಡದೆ ಕೊಲ್ಲುವ ವಿದ್ಯೆ ನಮಗೆ ಹೊಸದಲ್ಲ, ಕೆರೆ ಬಾವಿಗೆ ಕಾವಲು ಹಾಕುವುದನ್ನು ನಾವು ಕಂಡವರೇ. ಉಳಿದವರನ್ನು ಸೆರೆಶಿಬಿರಗಳಿಗೆ ತುಂಬಿ, ಅಲ್ಲಿಂದ ಗಂಡಸರು, ಹೆಂಗಸರು, ಮಕ್ಕಳೆನ್ನದೆ ರೈಲುದಾರಿ ಹಾಕಲು ಕೊಟ್ಟರು. ಆ ಹಳಿಯ ಮೇಲೆ ತಾಮ್ರ ಹೋಯಿತು, ಅದೇ ಹಳಿಯ ಮೇಲೆ ಯೂರೋಪಿನ ಮ್ಯೂಸಿಯಮ್ಮುಗಳಿಗೆ ಹರಳುಗಳೂ ಹೋದವು. ಇದನ್ನು ನರಮೇಧ ಅಂತ ಜರ್ಮನ್ ಸರ್ಕಾರ ಒಪ್ಪಿಕೊಂಡದ್ದು 2021ರಲ್ಲಿ.

ಜರ್ಮನರು ಸೋತ ಮೇಲೆ ದಕ್ಷಿಣ ಆಫ್ರಿಕಾ ಬಂತು. 1947ರಲ್ಲಿ ಗಣಿ ಅಮೆರಿಕದ ಕಂಪನಿಗಳ ಕೈಗೆ ಹೋಯಿತು. ಕೂಲಿಗೆ ಒವಾಂಬೊ ಗಂಡಸರು. ಅದಕ್ಕೆ ಗುತ್ತಿಗೆ ಪದ್ಧತಿ. ವೈದ್ಯರು ಮೈ ನೋಡಿ ದನದ ಸಂತೆಯ ಹಾಗೆ ದರ್ಜೆ ಹಾಕುವುದು. ಗಟ್ಟಿಯವನು ಗಣಿಗೆ, ಸೊರಗಿದವನು ಬಿಳಿಯರ ಹೊಲಕ್ಕೆ. ಕೊರಳಿಗೆ ನಂಬರಿನ ಬಿಲ್ಲೆ. ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ, ಮುಗಿಯುವ ಮುಂಚೆ ಬಿಟ್ಟು ಹೋಗುವಂತಿಲ್ಲ. ಡಿಸೆಂಬರ್ 1971ರಲ್ಲಿ ವಿಂಡ್‌ಹುಕ್ ನಗರದಲ್ಲಿ ಶುರುವಾದ ಮುಷ್ಕರ ಸುಮೆಬಿಗೂ ಹಬ್ಬಿತು. 13,000ಕ್ಕೂ ಹೆಚ್ಚು ಜನ ಬಿಲ್ಲೆ ಬಿಸಾಕಿ ಊರಿಗೆ ನಡೆದರು. ಮುಂದಿನ ವರ್ಷ ಆ ಗುತ್ತಿಗೆ ಸಂಸ್ಥೆಯನ್ನು ಮುಚ್ಚಬೇಕಾಯಿತು, ಪದ್ಧತಿ ಮಾತ್ರ ಬೇರೆ ಹೆಸರಲ್ಲಿ ಇನ್ನಷ್ಟು ಕಾಲ ಉಳಿಯಿತು. ನಮೀಬಿಯಾ ಸ್ವತಂತ್ರವಾದದ್ದು 1990ರಲ್ಲಿ, ಸುಮೆಬ್ ಗಣಿ ಮುಚ್ಚಿದ್ದು 1996ರಲ್ಲಿ.

ಈ ಗಣಿಯಲ್ಲಿ ಸಿಕ್ಕ ಹೊಸ ಖನಿಜಗಳಿಗೆ ಇಟ್ಟ ಹೆಸರುಗಳನ್ನು ನೋಡಿ. ಸ್ಟಾಟೈಟ್, ಗಣಿಯ ನಿರ್ದೇಶಕನ ಹೆಸರು. ಸೋಂಗೈಟ್, ಗಣಿಯ ಮುಖ್ಯ ಭೂವಿಜ್ಞಾನಿಯ ಹೆಸರು. ರೈನರೈಟ್, ಅಲ್ಲಿನ ಕೆಮಿಸ್ಟನ ಹೆಸರು. ಷ್ನೈಡರ್‌ಹೋನೈಟ್, ಜರ್ಮನ್ ಪ್ರೊಫೆಸರನ ಹೆಸರು. ಪ್ರಾಸ್ಪರೈಟ್, ಕಲ್ಲು ಮಾರುವ ವ್ಯಾಪಾರಿಯ ಹೆಸರು! ಆಟ್ಜಿಸುಮೈಟ್ ಅನ್ನುವುದು ಊರಿನ ಹೆರೆರೊ ಹೆಸರಿನಿಂದ ಬಂದದ್ದು, ಅದೊಂದು ಸಮಾಧಾನ. ಒವಾಂಬೊ ಕೂಲಿಯೊಬ್ಬನ ಹೆಸರು ಹೊತ್ತ ಖನಿಜ ನನ್ನ ಕಣ್ಣಿಗೆ ಬಿದ್ದಿಲ್ಲ. ನಿಮಗೆ ಯಾರಿಗಾದರೂ ಸಿಕ್ಕರೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.

ಇದು ದೂರದ ಕಥೆ ಅಂದುಕೊಳ್ಳಬೇಡಿ. ಕಾರ್ನ್‌ವಾಲಿನ ತಾಮ್ರ ತೀರುತ್ತ ಬಂದಾಗ ಅಲ್ಲಿನ ಗಣಿಯವರು ಲೋಕದ ತುಂಬ ಹರಡಿದರು. ಬಿಸ್ಬೀಗೂ ಹೋದರು, ನಮ್ಮ ಕೋಲಾರ ಚಿನ್ನದ ಗಣಿಗೂ ಬಂದರು. 1880ರಿಂದ ಜಾನ್ ಟೇಲರ್ ಕಂಪನಿಯ ಕೆಳಗೆ ಕೆ.ಜಿ.ಎಫ್.ನಲ್ಲಿ ಮೇಲ್ವಿಚಾರಕರಾಗಿ ನಿಂತವರು ಅವರೇ. ಒಳಗಿಳಿದವರು ತಮಿಳು, ತೆಲುಗು ಸೀಮೆಯ ಹೊಲಗೇರಿಗಳಿಂದ ಬಂದ ನಮ್ಮ ಜನ. ಪಾಳಿ ಮುಗಿಸಿ ಮೇಲೆ ಬಂದರೆ ಮೈ ತಪಾಸಣೆ. ಚಿನ್ನದ ಚೂರು ಇದೆಯಾ ಅಂತ. ಬಿಸ್ಬೀಯಲ್ಲಿ ಊಟದ ಡಬ್ಬಿಯನ್ನು ಕಂಡೂ ಕಾಣದಂತೆ ಬಿಟ್ಟ ಮೇಸ್ತ್ರಿಯ ಔದಾರ್ಯ ಇಲ್ಲಿ ಇರಲಿಲ್ಲ. 1930ರಲ್ಲಿ ಎಲ್ಲರೂ ಬೆರಳಚ್ಚು ಕೊಡಬೇಕು ಅಂತ ಕಂಪನಿ ಹಠ ಹಿಡಿದಾಗ ಕೆ.ಜಿ.ಎಫ್.ನ ಕಾರ್ಮಿಕರು ಮುಷ್ಕರ ಹೂಡಿದರು. ನಾವು ಕಳ್ಳರಲ್ಲ ಅನ್ನುವುದೇ ಆ ಮುಷ್ಕರದ ತಿರುಳು. ಗಣಿ ಮುಚ್ಚಿದ್ದು 2001ರಲ್ಲಿ.

ಮಹಾರಾಷ್ಟ್ರದ ಕಥೆಯೂ ಇದೇ. ಪುಣೆ, ನಾಸಿಕ್ ಕಡೆಯ ಕಪ್ಪು ಬಂಡೆಯ ಕ್ವಾರಿಗಳಲ್ಲಿ, ಬಾವಿ ತೋಡುವ ಕಡೆಗಳಲ್ಲಿ ಬಿಳಿ, ಹಸಿರು, ಗುಲಾಬಿ ಹರಳು ಸಿಗುತ್ತವೆ. ವಾಘೋಲಿಯ ಕ್ವಾರಿಯಲ್ಲಿ ಕಾವನ್ಸೈಟ್ ಎಂಬ ಕಡುನೀಲಿ ಹರಳು. ಅದು ತಾಮ್ರದ ನೀಲಿಯಲ್ಲ, ವನೇಡಿಯಮ್ಮಿನ ನೀಲಿ. ಇವತ್ತು ಲೋಕದ ಕಲ್ಲಿನ ಸಂತೆಗಳಲ್ಲೆಲ್ಲ ಈ ಹರಳುಗಳಿವೆ. ಆ ಕ್ವಾರಿಗಳಲ್ಲಿ ಸುತ್ತಿಗೆ ಹಿಡಿದವರಲ್ಲಿ ನಮ್ಮ ಒಡ್ಡರು ಬಹಳ ಜನ.

ಹಾಗಾದರೆ ಕಲ್ಲು ಕೂಡಿಸುವುದು ತಪ್ಪು, ಆ ಚೆಲುವೆಲ್ಲ ಧಣಿಗಳ ಚೆಲುವು ಅಂತ ಬಿಟ್ಟುಬಿಡೋಣವೆ? ನಮ್ಮಲ್ಲಿ ಕೆಲವು ಗೆಳೆಯರು ಹಾಗೆ ಹೇಳುವುದುಂಟು. ಹಸಿದವನಿಗೆ ಹರಳು ಯಾಕೆ ಅಂತಾರೆ. ನಾನು ಒಪ್ಪುವುದಿಲ್ಲ. ಹಸಿದವನೇ ಹರಳನ್ನು ಮೊದಲು ಕಂಡದ್ದು, ರೊಟ್ಟಿಯ ಡಬ್ಬಿಯಲ್ಲಿ ಅದಕ್ಕೆ ಜಾಗ ಮಾಡಿದ್ದು. ಆ ಡಬ್ಬಿಯ ಮನುಷ್ಯನಿಗೆ ಚೆಲುವು ಬೇಡವಾಗಿದ್ದರೆ ಮ್ಯೂಸಿಯಮ್ಮುಗಳ ಗಾಜಿನ ಪೆಟ್ಟಿಗೆಗಳು ಅರ್ಧ ಖಾಲಿ ಇರುತ್ತಿದ್ದವು. ಹಾಗಿರುವಾಗ ಚೆಲುವು ನಮ್ಮದಲ್ಲ ಅಂತ ನಾವೇ ಹೇಳಿ ಅವರಿಗೆ ಬರೆದು ಕೊಡುವುದು ಯಾವ ಬಂಡಾಯ?

ನಾನು ಓದಿದ ಕಾಲೇಜಿನ ಲ್ಯಾಬಿನಲ್ಲಿ ಖನಿಜದ ಬೀರು ಇತ್ತು. ಅದರ ಮೇಲೆ 'ಮುಟ್ಟಬಾರದು' ಅನ್ನುವ ಬೋರ್ಡು. ಆ ಪದವನ್ನು ಓದಿ ನಾವು ಮೂರು ಜನ ಹುಡುಗರು ಮುಖ ಮುಖ ನೋಡಿಕೊಂಡೆವು. ಒಳಗೆ ಇಂಗಳದಾಳಿನ ಚಾಲ್ಕೊಪೈರೈಟ್ ಇತ್ತು. ಇಂಗಳದಾಳ್ ಚಿತ್ರದುರ್ಗದ ಪಕ್ಕದಲ್ಲೇ. ಹಳೆಯ ಕಾಲದವರು ತಾಮ್ರಕ್ಕಾಗಿ ತೋಡಿದ ಗುಂಡಿಗಳು ಅಲ್ಲಿವೆ. ನಮ್ಮ ಕಾಲದಲ್ಲಿ ಹಟ್ಟಿ ಚಿನ್ನದ ಗಣಿ ಕಂಪನಿ ಅಲ್ಲಿ ತಾಮ್ರ ತೆಗೆಸಿತು, ಆಮೇಲೆ ಅದೂ ನಿಂತಿತು. ರಜದಲ್ಲಿ ಸೈಕಲ್ಲು ಹತ್ತಿ ಹೋಗಿ ಅಲ್ಲಿಂದ ಒಂದು ಕಲ್ಲು ತಂದು ಅಪ್ಪನಿಗೆ ತೋರಿಸಿದೆ. ಅಪ್ಪ ಬಿಸಿಲಿಗೆ ಹಿಡಿದು ಹೊರಳಿಸಿ ನೋಡಿದ. ಸುತ್ತಿಗೆಯ ಮೂಲೆಯಲ್ಲಿ ಹಳದಿಯನ್ನು ಮೆಲ್ಲಗೆ ತಟ್ಟಿದ. ಪುಡಿಯಾಯಿತು. 'ಬಂಗಾರ ಅಲ್ಲ ಕಣಪ್ಪ. ಬಂಗಾರ ಆಗಿದ್ರೆ ತಟ್ಟಿದ್ರೆ ಹರಡ್ತಿತ್ತು, ಹಿಂಗೆ ಪುಡಿ ಆಗ್ತಿರಲಿಲ್ಲ' ಅಂದ. ನಮ್ಮ ಪುಸ್ತಕದಲ್ಲಿ ಅರ್ಧ ಪುಟ ಬರೆದಿದ್ದ ಪರೀಕ್ಷೆ ಅದು.

ಹಳ್ಳಿ ಶಾಲೆಯ ಮೇಷ್ಟ್ರುಗಳು ಮಕ್ಕಳಿಂದ ಕಲ್ಲು ಕೂಡಿಸಿ ಡಬ್ಬದಲ್ಲಿ ಇಡುತ್ತಾರೆ. ಇಟ್ಟಾಗ ಚೀಟಿಯಲ್ಲಿ ಒಂದು ಸಾಲು ಹೆಚ್ಚಿಗೆ ಹಾಕಿಸಿ: ತೆಗೆದವರು ಯಾರು ಅಂತ. ಕ್ವಾರಿಯ ಕಲ್ಲಾದರೆ ಆ ಕ್ವಾರಿಯಲ್ಲಿ ಯಾರ ಅಪ್ಪ, ಯಾರ ಅವ್ವ ಕೆಲಸ ಮಾಡುತ್ತಾರೆ ಅಂತ ಅದೇ ತರಗತಿಯಲ್ಲಿ ಕೇಳಿದರೆ ಸಾಕು, ಹೆಸರು ಸಿಗುತ್ತೆ.

ಇಂಗಳದಾಳಿನಲ್ಲಿ ಪಾಳಿ ಮಾಡಿದವರು ಸುತ್ತಲ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಹೋದ ಬೇಸಿಗೆಯಲ್ಲಿ ನಾನು ಅಂಥವರೊಬ್ಬರ ಮನೆಗೆ ಹೋಗಿದ್ದೆ. ಕೆಮ್ಮುತ್ತ ಮಾತಾಡಿದರು. ಯಾವ ಲೆವೆಲ್ಲಿನಲ್ಲಿ ನೀರು ಬರುತ್ತಿತ್ತು, ಎಲ್ಲಿ ಅದಿರಿನ ಪಟ್ಟೆ ಅಗಲ ಇತ್ತು, ಎಲ್ಲಿ ಬಂಡೆ ಒದರುತ್ತಿತ್ತು ಅಂತ ಬೆರಳಲ್ಲಿ ನೆಲದ ಮೇಲೆ ಗೀಚಿ ತೋರಿಸಿದರು. ಕಲ್ಲೇನಾದರೂ ಇಟ್ಟುಕೊಂಡಿದ್ದೀರಾ ತಾತ ಅಂದೆ. ಬಾಗಿಲ ಕಡೆ ಕೈ ತೋರಿಸಿದರು. ಗಾಳಿಗೆ ಬಡಿಯದ ಹಾಗೆ ಬಾಗಿಲಿಗೆ ಒತ್ತುಕೊಟ್ಟಿದ್ದ ಕಲ್ಲು, ಮೇಲೆಲ್ಲ ಧೂಳು. ಒರೆಸಿದರೆ ಹಳದಿ, ಒಂದು ಮಗ್ಗುಲಲ್ಲಿ ನವಿಲಿನ ಕತ್ತಿನ ಹಾಗೆ ನೇರಳೆ ನೀಲಿ ಮಿಂಚು. 'ನಮ್ಮ ಹುಡುಗಿ ಚಿಕ್ಕೋಳಿದ್ದಾಗ ಆಡ್ಲಿ ಅಂತ ತಂದಿದ್ದೆ' ಅಂದರು. ಅವರ ಹೆಸರು, ಲೆವೆಲ್ಲು, ಪಾಳಿ ಎಲ್ಲ ಕೇಳಿ ಬರೆದುಕೊಂಡೆ. ಕಲ್ಲನ್ನು ಮತ್ತೆ ಬಾಗಿಲಿಗೇ ಇಟ್ಟು ಬಂದೆ.